ಟೈಪಿಂಗ್ ಮೇಡಂ ಕಲಿಸಿದ ಚದುರಂಗ

ಹೋದ ಶ್ರಾವಣದಲ್ಲಿ ತೀರಿಕೊಂಡ ಒಬ್ಬರ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಹಾಕಿದರೆ ಅವರ ಮನೆಯವರಿಗೆ ಇರಿಸುಮುರಿಸು. ಅಲ್ಲದೆ ಹೊಳಲ್ಕೆರೆಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡೇ ಇಲ್ಲ. ಎಲ್ಲರಿಗೂ ಅವರು ಟೈಪಿಂಗ್ ಮೇಡಂ. ಬೆನ್ನ ಹಿಂದೆ ಬೇರೆ ಹೆಸರುಗಳೂ ಇದ್ದವು. ಅವುಗಳಲ್ಲೊಂದನ್ನು ಯಾರೋ ಇನ್‌ಸ್ಟಿಟ್ಯೂಟಿನ ಮೆಟ್ಟಿಲ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿದ್ದರು. ಮೇಡಂ ಅದನ್ನು ಅಳಿಸಿರಲಿಲ್ಲ. ಕಾಗುಣಿತ ಮಾತ್ರ ತಿದ್ದಿದ್ದರು.

ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ದರ್ಜಿ ಅಂಗಡಿಯ ಮೇಲಿನ ಮಾಳಿಗೆ ಅವರ ಇನ್‌ಸ್ಟಿಟ್ಯೂಟು. ಹತ್ತೊಂಬತ್ತನೇ ವಯಸ್ಸಿನಲ್ಲಿ ನಾನು ಅಲ್ಲಿ ಟೈಪಿಂಗ್ ಕಲಿತೆ. ಕೀಲಿಗಳು ಕಾಣದಂತೆ ಕೈಮೇಲೆ ಬಟ್ಟೆ ಹೊದಿಸಿ ಹೊಡೆಸುತ್ತಿದ್ದರು. ಬೆರಳು ತಪ್ಪಿದರೆ ಮರದ ಸ್ಕೇಲು. ಜೂನಿಯರ್ ಪರೀಕ್ಷೆಯನ್ನು ಎರಡನೇ ಸಲಕ್ಕೆ ಪಾಸು ಮಾಡಿ, ಫಲಿತಾಂಶ ಹೇಳಲು ಪೇಡೆ ಹಿಡಿದುಕೊಂಡು ಹೋಗಿದ್ದೆ. ಪೇಡೆ ಬಾಯಿಗೆ ಹಾಕಿಕೊಂಡು, "ಪರೀಕ್ಷೆ ಮಾಡೋರು ಈ ಸಲ ನಿದ್ದೆ ಮಾಡಿರ್ಬೇಕು" ಎಂದಿದ್ದರು. ಆಮೇಲೆ ಇಪ್ಪತ್ತಮೂರು ವರ್ಷ ನಾನು ಆ ಮೆಟ್ಟಿಲು ಹತ್ತಲಿಲ್ಲ.

ಮತ್ತೆ ಹತ್ತಿಸಿದ್ದು ಚದುರಂಗ.

ನಾನು ಹೊಳಲ್ಕೆರೆಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ದಿನಾ ಚಿತ್ರದುರ್ಗದಿಂದ ಬಸ್ಸಿನಲ್ಲಿ ಹೋಗಿಬರುವವನು. ನಮ್ಮಲ್ಲಿ ಮಧ್ಯಾಹ್ನದ ಬುತ್ತಿ ಮುಗಿದ ಮೇಲೆ ಹಳೆಯ ಕಡತಗಳ ಕೋಣೆಯಲ್ಲಿ ಚದುರಂಗ ನಡೆಯುತ್ತಿತ್ತು. ನಾನೂ ಕೂತೆ. ಸೋತೆ. ಮರುದಿನ ಸೋತೆ. ಒಂದು ಇಡೀ ಬೇಸಿಗೆ ಸೋತೆ. ಸೋಲುವುದರಲ್ಲಿ ನನ್ನದೇ ಒಂದು ಶೈಲಿ ಇತ್ತು: ಎದುರಾಳಿ ಕಷ್ಟಪಟ್ಟು ಗೆಲ್ಲಬೇಕಾಗಿಯೇ ಇರಲಿಲ್ಲ. ಕುದುರೆಯನ್ನೋ ಆನೆಯನ್ನೋ ನಾನೇ ತೆಗೆದುಕೊಂಡು ಹೋಗಿ ಅವರ ಬಾಯಿಗೆ ಇಡುತ್ತಿದ್ದೆ. ನಮ್ಮ ಸೂಪರಿಂಟೆಂಡೆಂಟರು ನನಗೆ 'ದಾನಶೂರ' ಎಂದು ಹೆಸರಿಟ್ಟರು. ಹಾಜರಿ ಪುಸ್ತಕದ ಹತ್ತಿರ ನಿಂತಾಗಲೂ ಹಾಗೆಯೇ ಕರೆಯುತ್ತಿದ್ದರು.

ನಾನೇನೂ ಸುಮ್ಮನಿರಲಿಲ್ಲ. ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಮೊಬೈಲಿನಲ್ಲಿ ಚದುರಂಗದ ವಿಡಿಯೋಗಳನ್ನು ನೋಡಿದೆ. ಎಂಟು ನಡೆಯಲ್ಲಿ ಶತ್ರುವನ್ನು ಕೆಡವುವ ಉಪಾಯ, ಹನ್ನೆರಡು ನಡೆಯ ಖೆಡ್ಡಾ, ಎಲ್ಲವನ್ನೂ ಬಾಯಿಪಾಠ ಮಾಡಿದೆ. ಆದರೆ ಎದುರಿಗೆ ಕೂತವರು ವಿಡಿಯೋದಲ್ಲಿದ್ದ ಹಾಗೆ ಆಡುತ್ತಿರಲಿಲ್ಲ. ಮೂರನೇ ನಡೆಗೇ ಅವರು ಪಠ್ಯ ಬಿಟ್ಟು ಹೊರಗೆ ಹೋಗುತ್ತಿದ್ದರು, ನಾನು ಬಯಲಲ್ಲಿ ನಿಲ್ಲುತ್ತಿದ್ದೆ. ಕೊನೆಗೆ ದರ್ಜಿ ಅಂಗಡಿಯವನೇ ಒಂದು ದಿನ ನನ್ನ ಪ್ಯಾಂಟಿನ ಅಳತೆ ತೆಗೆಯುತ್ತಾ ಹೇಳಿದ: "ಮ್ಯಾಲೆ ಮೇಡಂ ಅದಾರಲ್ಲ ಸಾರ್, ಅವರು ಚೆಸ್ಸಲ್ಲಿ ಭಾರಿ ಜೋರು. ಬೈಸ್ಕಳಾಕೆ ತಾಕತ್ತಿದ್ರೆ ಹೋಗ್ರಿ."

ಸಂಜೆ ಹೋದೆ. ಹನ್ನೊಂದು ಟೈಪ್‌ರೈಟರುಗಳಲ್ಲಿ ನಾಲ್ಕು ಜೀವಂತವಾಗಿದ್ದವು. ಮೂರು ಹುಡುಗಿಯರು ಪರೀಕ್ಷೆಗೆಂದು ಟಕಟಕ ಹೊಡೆಯುತ್ತಿದ್ದರು. ಮೇಡಂ ಕಿಟಕಿಯ ಹತ್ತಿರ ಶೇಂಗಾ ಸುಲಿಯುತ್ತಾ ಕೂತಿದ್ದರು. ಎಪ್ಪತ್ತು ಸಮೀಪಿಸಿತ್ತು. ಕೂದಲು ಬೆಳ್ಳಗಾಗಿತ್ತು, ನಾಲಿಗೆಗೆ ಏನೂ ಆಗಿರಲಿಲ್ಲ.

"ಯಾರಪ್ಪ? ಓ, ಎಡಗೈ ಕಿರುಬೆರಳು ಬಗ್ಗದ ಗಿರಾಕಿ. ಈಗಾದ್ರೂ ಬಗ್ತತಾ?"

ಬಂದ ವಿಷಯ ಹೇಳಿದೆ. ಮೊಬೈಲಿನಲ್ಲಿ ನೋಡಿದ ಉಪಾಯಗಳ ಹೆಸರುಗಳನ್ನೂ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ಮೊಬೈಲು ಇಸಿದುಕೊಂಡು, ಸತ್ತ ಟೈಪ್‌ರೈಟರೊಂದರ ಮುಸುಕಿನ ಕೆಳಗಿಟ್ಟರು. ಬೋರ್ಡು ತೆಗೆದರು. ಹನ್ನೊಂದು ನಡೆಯಲ್ಲಿ ನಾನು ಮುಗಿದೆ.

"ನನ್ನ ಕುದುರೆ ನಡೆಸಿದ್ನಲ್ಲ, ನೋಡ್ದಾ?"

"ನೋಡ್ದೆ ಮೇಡಂ."

"ಏನ್ ನೋಡ್ದೆ?"

"ಅಲ್ಲಿಂದ ಇಲ್ಲಿಗೆ ಬಂತು."

"ಯಾಕ್ ಬಂತು?"

ನಾನು ಕುದುರೆಯನ್ನೇ ದಿಟ್ಟಿಸಿದೆ.

"ಹಾಲು ತರಾಕೆ ಬಂದಿರ್ಬೇಕು" ಎಂದರು ಮೇಡಂ. ಟಕಟಕ ಶಬ್ದ ನಿಂತಿತು. ಹುಡುಗಿಯರು ಮುಖ ಮುಚ್ಚಿಕೊಂಡು ನಗುತ್ತಿದ್ದರು. "ಲೇ, ಎದುರಿಗೆ ಒಂದು ಮನುಷ್ಯ ಕುಂತೈತೆ, ಅದಕ್ಕೂ ಒಂದು ಆಸೆ ಇರ್ತೈತೆ ಅಂತ ನಿನಗೆ ಅನ್ಸೋದೇ ಇಲ್ವಾ? ನಿನ್ ಹೆಂಡತಿ ಪುಣ್ಯವಂತೆ ಬಿಡು."

ಹೀಗೆ ಪಾಠ ಶುರುವಾಯಿತು. ಮೊದಲ ನಿಯಮ, ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರಬೇಕು. ಅವರು ಒಂದು ನಡೆ ನಡೆಸಿದ ಮೇಲೆ ಅದು ಯಾಕೆ ಬಂತು, ಮುಂದೆ ಏನನ್ನು ತಿನ್ನಲು ಹೊಂಚುತ್ತಿದೆ ಎಂದು ನಾನು ಬಾಯಿಬಿಟ್ಟು ಹೇಳಬೇಕು. ಸರಿಯಾಗಿ ಹೇಳಿದರೆ ಕೈ ಬಿಡುಗಡೆ. ನಲವತ್ತೆರಡು ವರ್ಷದ ಸರ್ಕಾರಿ ನೌಕರ ಕೈಮೇಲೆ ಕೂತು, "ನಿಮ್ಮ ಒಂಟೆ ನನ್ನ ಆನೆ ಮೇಲೆ ಕಣ್ಣಿಟ್ಟಿದೆ ಮೇಡಂ" ಎಂದು ಜೋರಾಗಿ ಒಪ್ಪಿಸುವುದನ್ನು ಆ ಹುಡುಗಿಯರು ಎಷ್ಟು ಜನಕ್ಕೆ ಹೇಳಿದರೋ ಗೊತ್ತಿಲ್ಲ. ಬೇಕರಿಯವನು ಮಾತ್ರ ಒಂದು ದಿನ ಬನ್ನು ಕಟ್ಟಿಕೊಡುತ್ತಾ, "ಕೈ ಹೆಂಗದಾವೆ ಸಾರ್?" ಎಂದು ಕೇಳಿದ.

ಎರಡನೇ ವಾರ ಹೋದಾಗ ಬೋರ್ಡಿನ ಮೇಲೆ ಎರಡು ರಾಜ ಮತ್ತು ಒಂದು ಸಿಪಾಯಿ ಮಾತ್ರ ಇದ್ದವು. ಉಳಿದದ್ದೆಲ್ಲ ಡಬ್ಬಿಯಲ್ಲಿ.

"ಮಂತ್ರಿ ಎಲ್ಲಿ ಮೇಡಂ?"

"ರಜೆ ಮ್ಯಾಲೆ ಹೋಗೈತೆ. ಇದೊಂದು ಸಿಪಾಯಿನ ಆ ಕಡೆ ದಾಟ್ಸಿ ಮಂತ್ರಿ ಮಾಡು. ಮೂರು ಕಾಯಿ ನೆಟ್ಟಗೆ ನಡೆಸಾಕೆ ಬರದೋನು ಮೂವತ್ತೆರಡು ಕಾಯಿ ಆಡ್ತಾನಂತೆ. ಅ ಆ ಬರದೋನು ಮದುವೆ ಲಗ್ನಪತ್ರಿಕೆ ಬರ್ದಂಗೆ."

ಒಂದು ತಿಂಗಳು ಆ ಒಂದು ಸಿಪಾಯಿಯ ಹಿಂದೆ ನನ್ನ ರಾಜ ಅಲೆದಾಡಿದ. ದಾಟಿಸಲು ಬಂದ ಮೇಲೆ ಇನ್ನೊಂದು ಸಿಪಾಯಿ ಬಂತು. ಆಮೇಲೆ ಒಂದು ಆನೆ. ಬೋರ್ಡು ನಿಧಾನವಾಗಿ ತುಂಬಿತು.

ಅವರು ಇದನ್ನೆಲ್ಲ ಕಲಿತದ್ದು ಯಾವ ಪುಸ್ತಕದಿಂದಲೂ ಅಲ್ಲ. ಹಿರಿಯೂರು ತಾಲ್ಲೂಕಿನ ಒಂದು ಹಟ್ಟಿಯವರು. ತಂದೆ ಕುರಿ ಕಾಯುತ್ತಿದ್ದವರು. ಕುರಿಗಳು ಮೇಯುವಾಗ ಬಂಡೆಯ ಮೇಲೆ ಗೆರೆ ಕೊರೆದು ತಂದೆ ಮಗಳು ಹುಲಿ-ಕುರಿ ಆಟ ಆಡುತ್ತಿದ್ದರಂತೆ. ಹುಲಿಗೆ ಹಾರಿ ತಿನ್ನಲು ಜಾಗ ಸಿಗದಂತೆ ಕುರಿಗಳನ್ನು ಒತ್ತೊತ್ತಾಗಿ ಇಡಬೇಕು. ಅಷ್ಟೇ ಆಟ. "ನಮ್ಮಪ್ಪ ಯಾವತ್ತೂ ನನಗೆ ಹುಲಿ ಕೊಡ್ಲಿಲ್ಲ" ಎನ್ನುತ್ತಿದ್ದರು. "ಹುಲಿ ಆಡಾಕೆ ಎಲ್ಲಾ ಕತ್ತೆಗೂ ಬರ್ತೈತೆ. ಕುರಿ ಉಳಿಸ್ಕಳಾದು ಕಲಿ ಅಂತಿದ್ದ." ಚಿತ್ರದುರ್ಗದ ಹಾಸ್ಟೆಲಿನಲ್ಲಿ ಓದಲು ಬಂದಾಗ ಅಲ್ಲಿ ಒಂದು ಚದುರಂಗದ ಬೋರ್ಡು ಸಿಕ್ಕಿತು. ಮೊದಲ ವಾರದಲ್ಲೇ ವಾರ್ಡನ್ನನ್ನು ಸೋಲಿಸಿದರು. ವಾರ್ಡನ್ನು ಬೋರ್ಡನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರಂತೆ.

ಅವರ ಕೈಯಲ್ಲಿ ಕಲಿತವರಿಗೆಲ್ಲ ಗೊತ್ತಿದ್ದ ಒಂದು ಪದ್ಧತಿ ಚದುರಂಗಕ್ಕೂ ಬಂತು. ಟೈಪಿಂಗಿನಲ್ಲಿ ತಪ್ಪಿದ ಪ್ರತಿ ಹಾಳೆಯನ್ನೂ ಫೈಲು ಮಾಡಿಸುತ್ತಿದ್ದರಲ್ಲ, ಹಾಗೆಯೇ ಕಚೇರಿಯಲ್ಲಿ ಸೋತ ಪ್ರತಿ ಆಟವನ್ನೂ ನಾನು ಸಂಜೆ ಬಂದು ಟೈಪು ಮಾಡಬೇಕು. ಕೊನೆಯಲ್ಲಿ ಒಂದು ಸಾಲು: ಯಾಕೆ ಸೋತೆ. ನಾನು ಬರೆದೆ, 'ತಲೆನೋವಿತ್ತು.' ಇನ್ನೊಂದು ದಿನ, 'ನಡುವೆ ಸಾಹೇಬರು ಕರೆದರು.' ಮತ್ತೊಂದು ದಿನ, 'ಕಿಟಕಿಯಿಂದ ಬಿಸಿಲು.'

"ಬಿಸಿಲಿಗೂ ನಿನ್ ಆನೆಗೂ ಏನಪ್ಪ ಸಂಬಂಧ? ಕರಗಿ ಹೋಯ್ತಾ?" ಎಂದು ಕೆಂಪು ಪೆನ್ಸಿಲಿನಲ್ಲಿ ಗೀಚಿ, ತಾವೇ ಬರೆದರು: 'ನೋಡಲಿಲ್ಲ.' ಹಿಂದಿನ ಹಾಳೆಗಳನ್ನೂ ತರಿಸಿ ಎಲ್ಲದರ ಕೆಳಗೂ ಅದನ್ನೇ ಬರೆದರು. ಹೆಚ್ಚುಕಡಿಮೆ ಇಡೀ ಫೈಲು ಒಂದೇ ಕಾರಣಕ್ಕೆ ಸೋತಿತ್ತು. ನನಗೆ ಹೊಸ ಉಪಾಯಗಳ ಕೊರತೆ ಇರಲಿಲ್ಲ, ಕಣ್ಣಿನ ಕೊರತೆ ಇತ್ತು. ಅದನ್ನು ಒಪ್ಪಿಕೊಳ್ಳುವುದು ಎಂಟು ನಡೆಯ ಉಪಾಯ ಕಲಿಯುವುದಕ್ಕಿಂತ ಕಷ್ಟ. ಮೊಬೈಲಿನಲ್ಲಿ ಯಾರೂ ಅದನ್ನು ಹೇಳಿಕೊಡುವುದಿಲ್ಲ, ಹೇಳಿದರೆ ಯಾರು ನೋಡುತ್ತಾರೆ?

ಮೇಡಂ ದೇವತೆಯೇನಲ್ಲ. ಒಂದು ವರ್ಷ ನನ್ನೆದುರು ಶೇಂಗಾ ತಿಂದರು, ಒಂದು ಬೀಜ ತಗೋ ಎನ್ನಲಿಲ್ಲ. ಯಾರ ಮನೆಯ ಸೊಸೆ ಯಾಕೆ ತವರಿಗೆ ಹೋದಳು ಎಂಬುದು ಅವರಿಗೆ ನೆರೆಮನೆಯವರಿಗಿಂತ ಮೊದಲು ಗೊತ್ತಿರುತ್ತಿತ್ತು. ಸೋಲುವುದು ಅವರಿಗೂ ಆಗಿಬರುತ್ತಿರಲಿಲ್ಲ. ಒಮ್ಮೆ ಅವರ ಒಂಟೆ ನನ್ನ ಸಿಪಾಯಿಗೆ ಸಿಕ್ಕಿಬಿದ್ದಾಗ ಬೋರ್ಡನ್ನು ದಿಟ್ಟಿಸಿ ನೋಡಿ, "ಕಣ್ಣು ಮಂಜು ಮಂಜಾಗ್ತೈತೆ, ನಾಳೆ ಬಾ" ಎಂದು ಕಾಯಿಗಳನ್ನು ಡಬ್ಬಿಗೆ ಸುರಿದರು. ನಾನು ಮೆಟ್ಟಿಲಿಳಿಯುವಾಗ ಹಿಂದೆ ತಿರುಗಿ ನೋಡಿದರೆ, ಮಂಜಾದ ಕಣ್ಣಿನಲ್ಲಿ ಪತ್ರಿಕೆಯ ಮೂಲೆಯ ಅತಿ ಸಣ್ಣ ಅಕ್ಷರದ ಜಾಹೀರಾತು ಓದುತ್ತಿದ್ದರು.

ಆ ವರ್ಷ ಮುಗಿಯುವ ಹೊತ್ತಿಗೆ ಕಚೇರಿಯಲ್ಲಿ ಒಂದು ಘಟನೆ ನಡೆಯಿತು. ಸೂಪರಿಂಟೆಂಡೆಂಟರು ಸೋತರು. ನಾನೇನೂ ಅವರನ್ನು ಸೋಲಿಸಲಿಲ್ಲ. ಏನನ್ನೂ ದಾನ ಮಾಡದೆ ಸುಮ್ಮನೆ ಕೂತಿದ್ದೆ, ಅಷ್ಟೆ. ಮುಕ್ಕಾಲು ಗಂಟೆ ಕಾದು ಅವರಿಗೆ ಬೇಸರ ಬಂತು. ಅಭ್ಯಾಸವಿಲ್ಲದವರು, ತಾವೇ ಮಂತ್ರಿಯನ್ನು ತಂದು ನನ್ನ ಕುದುರೆಯ ಮುಂದೆ ನಿಲ್ಲಿಸಿದರು. ಮರುದಿನ ಹಾಜರಿ ಪುಸ್ತಕದ ಹತ್ತಿರ ನನ್ನನ್ನು ನನ್ನ ಹೆಸರಿನಿಂದಲೇ ಕರೆದರು. ಸಂಜೆ ಓಡುತ್ತಾ ಹೋಗಿ ಮೇಡಂಗೆ ಹೇಳಿದೆ.

"ಅವನೂ ನೋಡ್ಲಿಲ್ಲ" ಎಂದರು. "ಊರಲ್ಲಿ ನಿಂದೊಬ್ಬಂದೇ ಅಲ್ಲ ಆ ಕಾಯಿಲೆ."

ಅದಾದ ಮೇಲೆಯೇ ಅವರು ಬೋರ್ಡಿನ ಮೇಲೆ ಒಂದು ಆಟದ ಕೊನೆಯ ಸ್ಥಿತಿಯನ್ನು ಜೋಡಿಸಿ ನನ್ನ ಮುಂದೆ ತಳ್ಳಿದ್ದು. ಬಿಳಿಯ ಕಡೆ ರಾಜ, ಮಂತ್ರಿ, ಸಿಪಾಯಿಗಳು. ಕಪ್ಪು ರಾಜ ಮೂಲೆಯಲ್ಲಿ, ಅಲ್ಲಾಡಲು ಒಂದು ಮನೆಯೂ ಇಲ್ಲ. ಮುಂದೆ ಹೋಗಲಾಗದೆ ತಡೆದು ನಿಂತ ಒಂದು ಕಪ್ಪು ಸಿಪಾಯಿ, ಮತ್ತೆ ಒಂದೇ ಒಂದು ಆನೆ. ಕಪ್ಪಿನ ಸರದಿ.

"ಕಪ್ಪು ಸೋತೈತಾ?"

"ಸೋತಿದೆ ಮೇಡಂ. ಮಕ್ಕಳೂ ಹೇಳ್ತಾರೆ."

"ಮನೆಗೆ ಹೋಗು. ನಾಳೆ ಬಾ."

ಮರುದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಮೂರು ವಾರ ಅದೇ ಬೋರ್ಡು. ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತಾ ಅದನ್ನೇ ಯೋಚಿಸುತ್ತಿದ್ದೆ. ಚಿತ್ರಹಳ್ಳಿ ದಾಟಿದ ಮೇಲೆ ಒಂದು ದಿನ ಹೊಳೆಯಿತು. ಕಪ್ಪು ರಾಜನಿಗೆ ನಡೆಯಿಲ್ಲ, ಸಿಪಾಯಿಗೆ ನಡೆಯಿಲ್ಲ. ನಡೆ ಇರುವುದು ಆನೆಗೆ ಮಾತ್ರ. ಆ ಆನೆಯೂ ಇಲ್ಲದಿದ್ದರೆ? ರಾಜನ ಮೇಲೆ ದಾಳಿ, ಅಂದರೆ ಶಹ, ಬೀಳದೆ, ನಡೆಯೂ ಇಲ್ಲದೆ ಸಿಕ್ಕಿಕೊಂಡರೆ ಆಟ ಸಮ. ಹಾಗಾದರೆ ಆನೆಯನ್ನು ಬಿಳಿ ರಾಜನ ಪಕ್ಕಕ್ಕೇ ಕೊಂಡೊಯ್ದು ಶಹ ಕೊಟ್ಟು, ತಿನ್ನು ಎನ್ನಬೇಕು. ರಾಜ ತಿಂದರೂ ಸಮ, ಮಂತ್ರಿ ತಿಂದರೂ ಸಮ. ತಿನ್ನದಿದ್ದರೆ ಮತ್ತೆ ಮತ್ತೆ ಶಹ.

ಮೇಡಂ ಮುಂದೆ ಆನೆಯನ್ನು ಅಲ್ಲಿಟ್ಟೆ. ಅವರು ಕೈಯಲ್ಲಿದ್ದ ಶೇಂಗಾ ಪೂರ್ತಿ ಸುಲಿದು ಮುಗಿಸಿದರು.

"ಹೋಗೋ ಬರೋರಿಗೆಲ್ಲ ಆನೆ ದಾನ ಮಾಡ್ತಿದ್ದೋನು ನೀನು" ಎಂದರು ಕೊನೆಗೆ. "ಮಾಡ್ಬೇಕಾದಲ್ಲಿ ಮಾಡಾಕೆ ಮೂರು ವಾರ ತಗಂಡ್ಯಲ್ಲ." ಆಮೇಲೆ ಶೇಂಗಾದ ಪೊಟ್ಟಣವನ್ನು ನನ್ನ ಕಡೆಗೆ ಸರಿಸಿದರು. ಒಂದೇ ಒಂದು ಸಲ.

ಆ ಆಟ ಅವರದೇ. ಇಪ್ಪತ್ತೆರಡು ವರ್ಷದ ಹಿಂದೆ ಹೊಸದುರ್ಗದ ಒಬ್ಬ ಹೈಸ್ಕೂಲು ಹೆಡ್‌ಮಾಸ್ಟರ ಜೊತೆ ಅಂಚೆ ಕಾರ್ಡಿನಲ್ಲಿ ಆಡಿದ್ದು. ಇಬ್ಬರೂ ಒಬ್ಬರನ್ನೊಬ್ಬರು ನೋಡಿರಲಿಲ್ಲ. ಟೈಪಿಂಗ್ ಪರೀಕ್ಷೆಗೆ ಬಂದ ಯಾರೋ ಪರಿಚಯ ಹೇಳಿದ್ದರು. ವಾರಕ್ಕೊಂದು ಕಾರ್ಡು, ಕಾರ್ಡಿಗೊಂದು ನಡೆ. ಮೇಡಂ ತಮ್ಮ ನಡೆಯನ್ನು ಟೈಪು ಮಾಡಿ, ಕಾರ್ಬನ್ ನಕಲು ಇಟ್ಟುಕೊಂಡು, ಡಬ್ಬಕ್ಕೆ ಹಾಕುತ್ತಿದ್ದರು. ಒಂದೂವರೆ ವರ್ಷ ನಡೆದ ಆಟ. ಮೇಡಂ ಗೆಲ್ಲುವ ಹಂತಕ್ಕೆ ಬಂದರು. ಅವಸರದಲ್ಲಿ ಒಂದು ನಡೆ ಬರೆದು ಹಾಕಿ ಮನೆಗೆ ಬಂದು ಬೋರ್ಡು ನೋಡಿದರೆ, ಆನೆ ಕೊಟ್ಟು ಉಳಿಯುವ ದಾರಿಯನ್ನು ತಾವೇ ಎದುರಾಳಿಗೆ ತೆರೆದುಕೊಟ್ಟಿದ್ದರು.

"ಅಂಚೆಯೋನು ಬೀದಿ ತುದೀಲಿ ಕಂಡ್ರೆ ಎದೆ ಡವಡವ ಅಂತಿತ್ತು ಕಣಪ್ಪ. ಇವತ್ತು ಬರ್ತೈತೆ ಆನೆ, ನಾಳೆ ಬರ್ತೈತೆ ಆನೆ. ಬರ್ಲೇ ಇಲ್ಲ. ಸೋತೆ ಅಂತ ತಿಳ್ಕಂಡು ಆ ಮಹರಾಯ ಬರಿಯಾದೇ ನಿಲ್ಸಿಬಿಟ್ಟ. ಮೂರು ಸಲ ನೆನಪು ಮಾಡ್ದೆ. ಉತ್ತರ ಬರಿಯಾಕೆ ಅಂತ ಜವಾಬು ಕಾರ್ಡೂ ಕಳ್ಸಿದೆ."

"ಹಂಗಾದ್ರೆ ನೀವೇ ಗೆದ್ದಂಗಲ್ವಾ ಮೇಡಂ?"

"ಬಿಟ್ಟು ಓಡೋದೋನ್ ಆಟನ ಗೆದ್ದೆ ಅಂತ ಬರ್ಕಳಾಕೆ ನಾನೇನು ಹೆಡ್‌ಮಾಸ್ಟ್ರಾ?"

ಆ ಚಳಿಗಾಲ ಚಿತ್ರದುರ್ಗದಲ್ಲಿ ನೌಕರರ ಚದುರಂಗ ಪಂದ್ಯ ನಡೆಯಿತು. ಹೆಸರು ಕೊಟ್ಟೆ. ಅಲ್ಲಿಗೆ ಹೋಗಿ ಬ್ಯಾನರಿನ ಮೇಲಿನ ಹೆಸರು ನೋಡಿದರೆ ಮುಖ್ಯ ಅತಿಥಿ ಹೊಸದುರ್ಗದ ಅದೇ ಹೆಡ್‌ಮಾಸ್ಟರು. ನಿವೃತ್ತರಾಗಿ ಚದುರಂಗದ ಹಿತೈಷಿ ಎಂದು ಹೆಸರು ಮಾಡಿದ್ದರು. ಬಿಳಿ ಪಂಚೆ, ಹೆಗಲ ಮೇಲೆ ಶಾಲು. ಶಾಲು ಅಲ್ಲಿ ಹೊದಿಸಿದ್ದಲ್ಲ, ಮನೆಯಿಂದಲೇ ಹೊದ್ದುಕೊಂಡು ಬಂದದ್ದು. ಅದರ ಮೇಲೆ ಇನ್ನೊಂದು ಹೊದಿಸಿದರು. "ಸೋಲನ್ನು ನಗುನಗುತ್ತಾ ಸ್ವೀಕರಿಸುವವನೇ ನಿಜವಾದ ಆಟಗಾರ" ಎಂದು ಮುಕ್ಕಾಲು ಗಂಟೆ ಮಾತಾಡಿದರು. ಅವರ ಭಾಷಣ ಮುಗಿಯುವಷ್ಟರಲ್ಲಿ ಮೊದಲ ಸುತ್ತು ಮುಗಿದಿರಬೇಕಾಗಿತ್ತು.

ನಾನು ಎರಡು ಆಟ ಗೆದ್ದೆ, ಮೂರು ಸೋತೆ. ಅದು ಮುಖ್ಯವಲ್ಲ. ಊಟದ ಹೊತ್ತಿಗೆ ಅವರು ತಟ್ಟೆ ಹಿಡಿದು ನಿಂತಿದ್ದಾಗ, ಖಾಲಿ ಬೋರ್ಡೊಂದರ ಮೇಲೆ ಆ ಸ್ಥಿತಿಯನ್ನು ಜೋಡಿಸಿ, "ಸಾರ್, ಇದರಲ್ಲಿ ಕಪ್ಪು ಸೋತಿದೆಯಾ ಹೇಳಿ" ಎಂದೆ. ಸುತ್ತ ನಾಲ್ಕು ಜನ ಸೇರಿದರು.

"ಸೋತಾಗಿದೆಯಲ್ಲಪ್ಪ. ಇದರಲ್ಲಿ ನೋಡೋದೇನಿದೆ?" ಎಂದರು, ಹಪ್ಪಳ ಮುರಿಯುತ್ತಾ.

ನಾನು ಆನೆಯನ್ನು ಎತ್ತಿ ಬಿಳಿ ರಾಜನ ಪಕ್ಕಕ್ಕಿಟ್ಟೆ. ಅವರು ನೋಡಿದರು. ಇನ್ನೊಮ್ಮೆ ನೋಡಿದರು. ಹಪ್ಪಳ ಕೈಯಲ್ಲೇ ಉಳಿಯಿತು.

"ಇದು ನಿಮಗೆ ಎಲ್ಲಿ ಸಿಕ್ತು?"

"ಹೊಳಲ್ಕೆರೆಯಲ್ಲಿ ಸಾರ್."

"ಆಯಮ್ಮ... ಇದಾರಾ ಇನ್ನೂ?"

"ಇದಾರೆ. ಕಾಯ್ತಾ ಇದಾರೆ."

ಅವರು ಮುಂದೆ ಊಟ ಮಾಡಲಿಲ್ಲ. ಬಹುಮಾನ ವಿತರಣೆಗೂ ನಿಲ್ಲದೆ ಹೊರಟುಹೋದರು. ನಾನು ಲಂಕೆ ಸುಟ್ಟು ಬಂದವನ ಹಾಗೆ ಮರುದಿನ ಮಾಳಿಗೆ ಹತ್ತಿ, ಅವರ ಮುಖ ಹೇಗಾಯಿತು, ಹಪ್ಪಳ ಎಲ್ಲಿ ನಿಂತಿತು ಎಲ್ಲವನ್ನೂ ಅಭಿನಯಿಸಿ ತೋರಿಸಿದೆ. ಮೇಡಂ ನಗುತ್ತಾರೆ ಎಂದುಕೊಂಡಿದ್ದೆ.

ಅವರು ಎದ್ದು ನಿಂತರು. ಅಷ್ಟು ವರ್ಷದಲ್ಲಿ ಅವತ್ತು ಮೊದಲ ಸಲ ನನಗೆ ಬಹುವಚನ ಹಾಕಿದರು.

"ನನ್ನ ಆಟದಾಗೆ ಎದುರಿನೋರಿಗೆ ನಡೆ ಹೇಳಿಕೊಡಾಕೆ ನೀವ್ಯಾರ್ರಿ?"

ನನಗೆ ಅರ್ಥವಾಗಲಿಲ್ಲ. "ಮೇಡಂ, ಅದು ಇಪ್ಪತ್ತೆರಡು ವರ್ಷದ ಹಿಂದೆ..."

"ಮುಗಿದೈತೆ ಅಂತ ಯಾರಂದ್ರು? ಅವರು ಸೋತೆ ಅಂದ್ರಾ? ನಾನು ಗೆದ್ದೆ ಅಂದೆನಾ? ಸರದಿ ಅವರದು. ನೀವು ಹೋಗಿ ಕಿವೀಲಿ ಹೇಳಿ ಬಂದ್ರಿ. ಒಂದು ವರ್ಷ ಕೈ ಮ್ಯಾಲೆ ಕುಂಡ್ರಿಸ್ದೆ, ಬಾಯಿ ಮ್ಯಾಲೂ ಕುಂಡ್ರಿಸ್ಬೇಕಾಗಿತ್ತು. ಹೋಗ್ರಿ."

ಹೋದೆ. ನನಗೂ ಸಿಟ್ಟು ಬಂದಿತ್ತು. ಮುದುಕಿಗೆ ಅರಳುಮರಳು ಎಂದುಕೊಂಡೆ. ಚಿತ್ರದುರ್ಗದ ಮನೆ ಮುಟ್ಟುವವರೆಗೆ ಅದನ್ನೇ ಅಂದುಕೊಳ್ಳುತ್ತಿದ್ದೆ. ಮಲಗಿದ ಮೇಲೆ ಹೊಳೆಯಿತು: ಮೇಡಮ್ಮಿಗೆ ಆ ಗೆಲುವಿನ ಮೇಲೆ ಆಸೆ ಇರಲಿಲ್ಲ. ಆ ಮನುಷ್ಯ ಯಾವತ್ತಾದರೂ ಒಂದು ದಿನ ಕೂತು, ತಾನೇ ನೋಡಿ, ತಾನೇ ಕಂಡುಹಿಡಿಯುತ್ತಾನಾ ಎಂದು ಅವರು ಕಾಯುತ್ತಿದ್ದರು. ಅದನ್ನು ಹಾಳು ಮಾಡಿದವನು ನಾನು. ಎದುರಿಗೆ ಕೂತ ಮನುಷ್ಯನಿಗೂ ಒಂದು ಆಸೆ ಇರುತ್ತದೆ ಎಂದು ಒಂದು ವರ್ಷ ಜೋರಾಗಿ ಒಪ್ಪಿಸಿದರೂ ನನಗೆ ಬಂದದ್ದು ಅಷ್ಟೇ.

ಹತ್ತು ದಿನದ ಮೇಲೆ ಕಚೇರಿಗೆ ಫೋನು ಬಂತು. "ಬರ್ರಿ. ನಿಮ್ಮ ಶಿಷ್ಯರು ಕಾಗದ ಬರ್ದಿದಾರೆ."

ಹೋದೆ. ಮೇಡಂ ಒಂದು ಪೋಸ್ಟ್‌ಕಾರ್ಡನ್ನು ದೂರ ಹಿಡಿದು ಗಟ್ಟಿಯಾಗಿ ಓದಿದರು: "ಮಾನ್ಯರೇ, ಕಾರ್ಯಬಾಹುಳ್ಯದಿಂದ ಉತ್ತರ ತಡವಾಯಿತು, ಕ್ಷಮೆಯಿರಲಿ. ದೀರ್ಘ ಆಲೋಚನೆಯ ನಂತರ ನನ್ನ ನಡೆ: ಆನೆಯಿಂದ ಶಹ. ಆಟ ಸಮವೆಂದು ಭಾವಿಸುತ್ತೇನೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮೊದಲು ನಕ್ಕವರು ಅವರು. ಶೇಂಗಾ ನೆತ್ತಿಗೆ ಹತ್ತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಕಾರ್ಯಬಾಹುಳ್ಯ!" ಎಂದು ಮತ್ತೆ ಮತ್ತೆ ಹೇಳಿದರು. "ಇಪ್ಪತ್ತೆರಡು ವರ್ಷ! ಎಂಥಾ ಕಾರ್ಯಾನೋ ಅದು!" ನಾನು ನೀರು ಕೊಟ್ಟು, ತಪ್ಪಾಯಿತು ಮೇಡಂ ಎಂದೆ. "ಆಯ್ತು ಕುಂತ್ಕ" ಎಂದರು. ಏಕವಚನ ವಾಪಸು ಬಂದದ್ದು ಕೇಳಿ ನನಗೆ ಎಂದೂ ಆಗದಷ್ಟು ಸಂತೋಷವಾಯಿತು.

ಟೈಪ್‌ರೈಟರಿಗೆ ಕಾರ್ಡು ಏರಿಸಿ ಒಂದೂ ತಪ್ಪಿಲ್ಲದೆ ಹೊಡೆದರು: 'ಮಾನ್ಯರೇ, ತಮ್ಮ ನಡೆ ತಲುಪಿತು. ಆಟ ಸಮ. ಹೊಸ ಆಟಕ್ಕೆ ನನ್ನ ಮೊದಲ ನಡೆಯನ್ನು ಕೆಳಗೆ ಕೊಟ್ಟಿದ್ದೇನೆ. ಈ ಸಲ ಸ್ವಂತ ನಡೆಗಳನ್ನು ನಿರೀಕ್ಷಿಸುತ್ತೇನೆ.'

ಅದಕ್ಕೆ ಉತ್ತರ ಬರಲಿಲ್ಲ. ಎರಡು ವರ್ಷ ಬರಲಿಲ್ಲ. ಅಷ್ಟರಲ್ಲಿ ಮೇಡಮ್ಮಿಗೆ ಮೆಟ್ಟಿಲು ಹತ್ತಲು ಆಗದಾಯಿತು. ಇನ್‌ಸ್ಟಿಟ್ಯೂಟು ಮುಚ್ಚಿ, ಹಿರಿಯೂರು ಕಡೆಯ ಹಟ್ಟಿಗೆ, ತಮ್ಮನ ಮನೆಗೆ ಹೋದರು. ಹೋಗುವಾಗ ನನ್ನ ಸೋಲಿನ ಫೈಲನ್ನು ನನಗೇ ಕೊಟ್ಟು, "ದಪ್ಪ ಐತೆ, ಬಾಗ್ಲಿಗೆ ಒತ್ತು ಇಡಾಕೆ ಆಗ್ತೈತೆ" ಎಂದರು. ತಿಂಗಳಿಗೊಮ್ಮೆ ಫೋನು ಮಾಡುತ್ತಿದ್ದೆ. ಆರೋಗ್ಯ ಕೇಳಿದರೆ ರೇಗುತ್ತಿದ್ದರು. ಆಟ ಹೇಳು ಎನ್ನುತ್ತಿದ್ದರು.

ಶ್ರಾವಣದ ಎರಡನೇ ವಾರ ಅವರ ತಮ್ಮ ಫೋನು ಮಾಡಿದರು. "ಅಕ್ಕ ಹೋದ್ಲು ಸಾರ್. ತಿಥಿಗೆ ಬರ್ರಿ."

ಹನ್ನೊಂದನೇ ದಿನ ಹೋದೆ. ಮನೆ ಮುಂದೆ ಶಾಮಿಯಾನ, ಮೈಕು. ಮಾತಾಡಿದವರೆಲ್ಲ ಅವರನ್ನು ಶಾಂತಮೂರ್ತಿ, ಮೃದುಭಾಷಿ, ಯಾರ ಮನಸ್ಸನ್ನೂ ನೋಯಿಸದ ಜೀವ ಎಂದರು. ಬೇರೆ ಯಾರದ್ದೋ ತಿಥಿಗೆ ಬಂದುಬಿಟ್ಟೆನೇ ಎಂದು ನಾನು ಫೋಟೋ ಕಡೆ ನೋಡಿದೆ. ಫೋಟೋದಲ್ಲೂ ಅವರು ಹುಬ್ಬು ಗಂಟಿಕ್ಕಿಕೊಂಡೇ ಇದ್ದರು.

ಆಮೇಲೆ ಎದ್ದವರು ಹೊಸದುರ್ಗದ ಹೆಡ್‌ಮಾಸ್ಟರು. ಮೈಕು ಹಿಡಿದು, "ಆಯಮ್ಮನ ಜೊತೆ ನಾನು ಅಂಚೆಯ ಮೂಲಕ ಒಂದು ಐತಿಹಾಸಿಕ ಆಟ ಆಡಿದ್ದೆ" ಎಂದರು. "ಎಲ್ಲರೂ ಸೋತೇಹೋಯಿತು ಎನ್ನುವ ಆಟ. ನಾನು ಆನೆಯನ್ನೇ ಬಲಿಕೊಟ್ಟು ಉಳಿಸಿಕೊಂಡೆ. ಆ ನಡೆಯನ್ನು ಮೆಚ್ಚಿ ಆಯಮ್ಮ ಅಭಿನಂದನಾ ಪತ್ರವನ್ನೂ ಬರೆದಿದ್ದರು." ಜನ ಚಪ್ಪಾಳೆ ತಟ್ಟಿದರು. ತಿಥಿಯಲ್ಲಿ ಚಪ್ಪಾಳೆ ಕೇಳಿದ್ದು ನಾನು ಅದೇ ಮೊದಲು.

ನನ್ನ ಕೈ ಮೈಕಿನ ಕಡೆ ಹೋಗಲು ತವಕಿಸುತ್ತಿತ್ತು. ಹೋಗಿ ಏನು ಹೇಳುವುದು? ಸತ್ತವರ ಮನೆಯಲ್ಲಿ ಜಗಳ. ಸುಮ್ಮನೆ ಊಟ ಮಾಡಿದೆ. ಕೈತೊಳೆದುಕೊಂಡು ಬಂದು ಜಗಲಿಯ ಮೇಲೆ ಕೂತಿದ್ದ ಹೆಡ್‌ಮಾಸ್ಟರ ಹತ್ತಿರ ಹೋಗಿ, ಚೀಲದಿಂದ ನನ್ನ ಚಿಕ್ಕ ಬೋರ್ಡು ತೆಗೆದೆ.

"ಸಾರ್, ಮೇಡಂ ನೆನಪಿಗೆ ಒಂದಾಟ."

ಸುತ್ತ ಜನ ಇದ್ದರು, ಈಗಷ್ಟೇ ಚಪ್ಪಾಳೆ ಬಿದ್ದಿತ್ತು. ಅವರು ಇಲ್ಲ ಎನ್ನಲಾಗಲಿಲ್ಲ. ಬಿಳಿ ತೆಗೆದುಕೊಂಡರು. ಬಡಬಡ ಆಡಿದರು, ಮಾತಾಡುತ್ತಾ ಆಡಿದರು. ಐದನೇ ನಡೆಗೇ ಮಂತ್ರಿಯನ್ನು ಒಬ್ಬಂಟಿಯಾಗಿ ಬಯಲಿಗೆ ತಂದರು. ನಾನು ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಪ್ರತಿ ನಡೆಗೂ ಇದು ಯಾಕೆ ಬಂತು ಎಂದು ನೋಡಿದೆ. ಒಂದು ಸಿಪಾಯಿ ಮುಂದೆ ಇಟ್ಟೆ. ಒಂದು ಕುದುರೆ ಪಕ್ಕಕ್ಕಿಟ್ಟೆ. ಇನ್ನೊಂದು ಸಿಪಾಯಿ. ಅವರ ಮಂತ್ರಿಗೆ ಹಿಂದೆ ಹೋಗಲು ದಾರಿ ಮುಚ್ಚಿತು. ಅವರ ಮಾತು ನಿಂತಿತು. ಮೇಡಮ್ಮಿನ ತಮ್ಮ ಬಂದು ನನ್ನ ಹಿಂದೆ ನಿಂತರು. ಅವರಿಗೆ ಚದುರಂಗ ಬರುವುದಿಲ್ಲ. ಬೋರ್ಡು ನೋಡಿ, "ಹುಲಿ ಸಿಕ್ಕಂಡೈತೆ" ಎಂದರು.

ಹೆಡ್‌ಮಾಸ್ಟರು ಗಡಿಯಾರ ನೋಡಿಕೊಂಡರು. ಶಾಲು ಸರಿಮಾಡಿಕೊಂಡು ಎದ್ದರು. "ಬಸ್ಸಿನ ಹೊತ್ತಾಯ್ತು. ಇದನ್ನ ಸಮ ಅಂತಲೇ ಇಟ್ಕೊಳ್ಳಾಣ" ಎಂದು ಜಗಲಿಯಿಂದ ಇಳಿದು ಒಂದು ಚಪ್ಪಲಿಗೆ ಕಾಲು ತೂರಿಸಿದರು.

"ಕುಂತ್ಕಳ್ರಿ ಸಾರ್" ಎಂದೆ. "ಹೊಸದುರ್ಗಕ್ಕೆ ಐದು ಗಂಟೆಗೆ ಇನ್ನೊಂದು ಬಸ್ಸೈತೆ."

ಅವರು ಜನರ ಕಡೆ ನೋಡಿದರು. ಯಾರೂ ದಾರಿ ಬಿಡುವ ಹಾಗೆ ಕಾಣಲಿಲ್ಲ. ಚಪ್ಪಲಿ ಬಿಟ್ಟು, ಮತ್ತೆ ಜಗಲಿ ಹತ್ತಿ ಕೂತರು.